ಡಬ್ಬಿಯಲ್ಲಿ ಉಳಿದ ಇಪ್ಪತ್ತೊಂದು ಮಾತ್ರೆ: ಕೆಜಿಎಫ್‌ನ ಒಂದು ಸೇವಾ ಮನೆಯ ಪ್ರಕರಣ

ಡಬ್ಬಿಯಲ್ಲಿ 27 ಮಾತ್ರೆ ಇರಬೇಕಿತ್ತು, 48 ಇದ್ದವು. ಲೆಕ್ಕ ಸುಲಭದ್ದು. ರೋಗಿಯ ತೂಕ 41 ಕಿಲೊ. 35ರಿಂದ 49 ಕಿಲೊ ತೂಗುವ ವಯಸ್ಕರಿಗೆ ಕ್ಷಯ ಚಿಕಿತ್ಸೆಯ ಮೊದಲ ಹಂತದಲ್ಲಿ ನಾಲ್ಕು ಔಷಧ ಕೂಡಿದ ಮಾತ್ರೆ ದಿನಕ್ಕೆ ಮೂರು. 28 ದಿನಕ್ಕೆಂದು 84 ಕೊಟ್ಟಿದ್ದರು. 19ನೇ ದಿನದ ಸಂಜೆಗೆ 57 ಹೊಟ್ಟೆ ಸೇರಿರಬೇಕು. 21 ಹೆಚ್ಚಿಗೆ ಉಳಿದಿವೆ ಎಂದರೆ ಏಳು ದಿನ ಮಾತ್ರೆ ನುಂಗಿಲ್ಲ.

ರೋಗಿಯ ಮನೆಗೆ ಹೋಗಿಬರುವವರು ಒಂದು ಕ್ರೈಸ್ತ ಸೇವಾ ಮನೆಯ ಸ್ವಯಂಸೇವಕರು. ಅದೇ ಹೊತ್ತಿಗೆ ಅವರ ಭೇಟಿ ಪುಸ್ತಕದಲ್ಲಿ 13 ಭೇಟಿ ದಾಖಲಾಗಿದ್ದವು. ಹದಿಮೂರಕ್ಕೂ ‘ಮಾತ್ರೆ ತೆಗೆದುಕೊಂಡಿದ್ದಾರೆ’ ಎಂಬ ಟಿಕ್ ಇತ್ತು. ಭೇಟಿ ಇಲ್ಲದ ದಿನಗಳು ಆರು: ಮೂರು ಗುರುವಾರ, ಎರಡು ಭಾನುವಾರ, ಒಂದು ಜೂನ್ 13ರ ಸಂತ ಅಂತೋಣಿಯವರ ಹಬ್ಬ. ಆರಕ್ಕೆ ಆರೂ ತಪ್ಪಿದವು ಎಂದು ಹಿಡಿದರೂ ಏಳನೆಯದಕ್ಕೆ ಲೆಕ್ಕ ಸಿಗುವುದಿಲ್ಲ. ಟಿಕ್ ಹಾಕಿದ ದಿನಗಳಲ್ಲೇ ಕನಿಷ್ಠ ಒಂದು ಟಿಕ್ ಸುಳ್ಳು.

ಈ ಪ್ರಕರಣದ ಕುಟುಂಬದ ಗುರುತು ಸಿಗಬಾರದೆಂದು ಒಂದಕ್ಕಿಂತ ಹೆಚ್ಚು ಮನೆಗಳ ವಿವರಗಳನ್ನು ಇಲ್ಲಿ ಒಂದೇ ಮನೆಯದೆಂಬಂತೆ ಹೆಣೆಯಲಾಗಿದೆ. ಊರು, ರೋಗ, ಕಾಗದಪತ್ರದ ದಾರಿ, ಸೇವಾ ಮನೆಯ ದಿನಚರಿ ಎಲ್ಲವೂ ಇದ್ದಂತೆಯೇ ಇವೆ.

ಊರಿನ ಗಡಿಯಾರ

ಕೋಲಾರ ಜಿಲ್ಲೆಯ ಈ ಊರಿಗೆ ಒಂದು ಕಾಲದಲ್ಲಿ ಚಿನ್ನದ ಗಣಿಯ ಸೈರನ್ನೇ ಗಡಿಯಾರ. ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿಗಾರಿಕೆಗೆ ಇಳಿಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಅಂದಿನಿಂದ ಊರಿನ ಗಡಿಯಾರ ರೈಲು. ಮಾರಿಕುಪ್ಪಂ, ಚಾಂಪಿಯನ್, ಊರಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿಗೂ ಮೊದಲು ಹತ್ತುವ ಜನ ಬಂಗಾರಪೇಟೆ ದಾಟಿ ವೈಟ್‌ಫೀಲ್ಡ್, ಕೃಷ್ಣರಾಜಪುರ, ಬೆಂಗಳೂರು ಎಂದು ಚದುರಿ, ರಾತ್ರಿ ಎಂಟೂವರೆ ಒಂಬತ್ತರ ಮೇಲೆ ಮನೆ ಸೇರುತ್ತಾರೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕೆಲವು ಹೆಂಗಸರು ಬಸ್ಸಿಗೆ ಬದಲಾದರು. ಆದರೆ ಪಾಳಿ ಹಿಡಿಯಬೇಕಾದವರಿಗೆ ರೈಲಿನ ಪಾಸೇ ಗಟ್ಟಿ.

ಹಾಗಾಗಿ ಹಗಲು ಹನ್ನೊಂದು ಗಂಟೆಗೆ ‘ಲೈನ್’ ಎಂದು ಕರೆಯುವ ಗಣಿ ಕಾರ್ಮಿಕರ ಮನೆಗಳ ಸಾಲಿನಲ್ಲಿ ಸಿಗುವವರು ಮುದುಕರು, ಮಕ್ಕಳು ಮತ್ತು ನಾಯಿಗಳು. ತೀರ್ಮಾನ ಮಾಡಬಲ್ಲವರು, ದುಡ್ಡು ತರುವವರು, ಆಧಾರ್ ಕಾರ್ಡು ಎಲ್ಲಿದೆ ಎಂದು ಗೊತ್ತಿರುವವರು ಯಾರೂ ಇರುವುದಿಲ್ಲ.

ಈ ಮನೆಯೂ ಅಂಥದ್ದೇ. ಹತ್ತಡಿಗೆ ಹತ್ತಡಿಯ ಕೋಣೆ, ಮುಂದೆ ತಗಡು ಹೊದಿಸಿದ ಅಡುಗೆ ಜಾಗ. ತಾತನಿಗೆ 61 ವರ್ಷ, ಗಣಿಯೊಳಗೆ ಬಂಡೆಗೆ ಡ್ರಿಲ್ ಹಿಡಿದವರು. ಮಗಳು 34, ವೈಟ್‌ಫೀಲ್ಡ್‌ನ ಒಂದು ಕಟ್ಟಡದಲ್ಲಿ ಸ್ವಚ್ಛತೆಯ ಕೆಲಸ. ಮೊಮ್ಮಕ್ಕಳು ಇಬ್ಬರು, 11 ಮತ್ತು 6. ತಾತನಿಗೆ ಮೊದಲೇ ಸಿಲಿಕೋಸಿಸ್ ಇತ್ತು. ಸ್ಫಟಿಕ ಶಿಲೆಯ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಗಂಟುಕಟ್ಟುವ ಕಾಯಿಲೆ ಇದು, ವಾಸಿಯಾಗುವುದಲ್ಲ. ರೋಗಾಣುಗಳನ್ನು ತಿನ್ನಬೇಕಾದ ಜೀವಕೋಶಗಳನ್ನೇ ಈ ಧೂಳು ಕೊಲ್ಲುವುದರಿಂದ ಸಿಲಿಕೋಸಿಸ್ ಇರುವವರಿಗೆ ಕ್ಷಯ ಸುಲಭವಾಗಿ ಅಂಟುತ್ತದೆ, ವಾಸಿಯಾಗಲು ಹೆಚ್ಚು ಕಾಲ ಹಿಡಿಯುತ್ತದೆ. ಕೆಮ್ಮು ಹಳೆಯದೇ ಆದ್ದರಿಂದ ಹೊಸ ಕೆಮ್ಮು ಯಾವಾಗ ಶುರುವಾಯಿತೆಂದು ಮನೆಯವರಿಗೂ ಗೊತ್ತಾಗಿರಲಿಲ್ಲ. ತೂಕ ಇಳಿದದ್ದನ್ನು ನೋಡಿ ಕಫ ಪರೀಕ್ಷೆಗೆ ಕಳಿಸಿದವರು ಆಶಾ ಕಾರ್ಯಕರ್ತೆ. ಈ ಪ್ರಕರಣದಲ್ಲಿ ಸರಿಯಾಗಿ ನಡೆದ ಮೊದಲ ಕೆಲಸ ಅದು, ಅದರಲ್ಲಿ ಸ್ವಯಂಸೇವಕರ ಪಾಲಿಲ್ಲ.

ಸೇವಾ ಮನೆ

ರಾಬರ್ಟ್‌ಸನ್‌ಪೇಟೆಯ ಬಾಡಿಗೆ ಮನೆ, ಏಳು ಜನ. ನಾಲ್ವರು ಹೆಂಗಸರು, ಮೂವರು ಗಂಡಸರು. 22 ವರ್ಷದ ಪದವೀಧರೆಯಿಂದ 58ರ ನಿವೃತ್ತ ಮೇಷ್ಟ್ರವರೆಗೆ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಕಡೆಯ ಕನ್ನಡದ ಕ್ಯಾಥೊಲಿಕ್ ಧರ್ಮಕೇಂದ್ರಗಳಿಂದ (ಚರ್ಚುಗಳಿಂದ) ಒಂದು ವರ್ಷದ ಮಟ್ಟಿಗೆ ಬಂದವರು. ಕನ್ಯಾಸ್ತ್ರೀಯರು ಒಬ್ಬರೂ ಇಲ್ಲ, ಆದರೂ ಲೈನ್‌ನಲ್ಲಿ ಹುಡುಗಿಯರೆಲ್ಲ ‘ಸಿಸ್ಟರ್’. ಎಷ್ಟು ಸಲ ತಿದ್ದಿದರೂ ಪ್ರಯೋಜನವಾಗದೆ ತಿದ್ದುವುದನ್ನೇ ಬಿಟ್ಟಿದ್ದಾರೆ.

ದುಡ್ಡಿನ ವ್ಯವಸ್ಥೆ ಒಂದೇ ಗಂಟು. ಕೈಖರ್ಚಿಗೆ ತಲೆಗೆ ತಿಂಗಳಿಗೆ 2,000 ರೂಪಾಯಿ, ಉಳಿದದ್ದೆಲ್ಲ ಒಂದು ಪುಸ್ತಕ, ಒಂದು ಬೀಗ, ಬೀಗದ ಕೈ ಇಬ್ಬರ ಹತ್ತಿರ. ತಿಂಗಳಿಗೆ ರಾಗಿ ಹಿಟ್ಟು 12 ಕಿಲೊ, ಅಕ್ಕಿ 20, ತೊಗರಿಬೇಳೆ 5, ಹುರುಳಿ 2. ತರಕಾರಿಯ ಖರ್ಚು ಕಡಿಮೆ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ಬಿದ್ದ ವಾರ ಎರಡು ಕ್ರೇಟು ಪುಕ್ಕಟೆ ಬರುತ್ತದೆ, ಆ ವಾರ ಮೂರು ಹೊತ್ತೂ ಟೊಮೆಟೊ ಗೊಜ್ಜು. ಗ್ಯಾಸ್ ಸಿಲಿಂಡರ್ 24 ದಿನ ಬರುತ್ತಿತ್ತು. ಈ ಸಂಖ್ಯೆ ಮುಂದೆ ಬೇಕಾಗುತ್ತದೆ.

ದಿನಚರಿ ಹಿಂದಿನ ತಂಡಗಳಿಂದ ಬಂದದ್ದು. ಐದೂವರೆಗೆ ಏಳುವುದು, ಆರಕ್ಕೆ ಬೆಳಗಿನ ಪ್ರಾರ್ಥನೆ, ಆರೂವರೆಗೆ ಚರ್ಚಿನಲ್ಲಿ ಬಲಿಪೂಜೆ (ಮಾಸ್), ಎಂಟಕ್ಕೆ ತಿಂಡಿ. ಒಂಬತ್ತೂವರೆಯಿಂದ ಒಂದರವರೆಗೆ ಲೈನ್‌ಗಳಿಗೆ ಭೇಟಿ. ಊಟ, ವಿಶ್ರಾಂತಿ, ನಾಲ್ಕರಿಂದ ಆರು ಮಕ್ಕಳಿಗೆ ಪಾಠ. ಆರೂವರೆಗೆ ಜಪಸರ, ಎಂಟಕ್ಕೆ ಊಟ, ಒಂಬತ್ತಕ್ಕೆ ರಾತ್ರಿ ಪ್ರಾರ್ಥನೆ, ಆಮೇಲೆ ಮೌನ. ಗುರುವಾರ ಇಡೀ ದಿನ ಪರಮಪ್ರಸಾದದ ಆರಾಧನೆ ಮತ್ತು ವಿಶ್ರಾಂತಿ. ಭಾನುವಾರ ಬಲಿಪೂಜೆ, ಬಟ್ಟೆ ಒಗೆತ, ಮನೆಗೆ ಫೋನು.

ಒಳ್ಳೆಯ ದಿನಚರಿಯೇ. ಏಳು ಅಪರಿಚಿತರು ಒಂದು ಶೌಚಾಲಯ, ಎರಡು ನಲ್ಲಿ ಹಂಚಿಕೊಂಡು ವರ್ಷ ಕಳೆಯಬೇಕಾದರೆ ಇಂಥ ಚೌಕಟ್ಟು ಬೇಕು. ಪ್ರಾರ್ಥನೆ ಬಿಟ್ಟ ಸೇವಾ ಮನೆ ಆರು ತಿಂಗಳಲ್ಲಿ ಬರೀ ಹಾಸ್ಟೆಲ್ ಆಗುತ್ತದೆ. ತೊಂದರೆ ಬೇರೆ ಕಡೆ ಇತ್ತು. ಈ ಚೌಕಟ್ಟಿನಲ್ಲಿ ಒಂದು ಗಂಟೆಯೂ ತಾತನ ಮಗಳು ಎಚ್ಚರವಾಗಿ ಮನೆಯಲ್ಲಿರುವ ಗಂಟೆಗೆ ತಾಗುತ್ತಿರಲಿಲ್ಲ.

ಭೇಟಿಗೆ ನಿಯಮಗಳಿವೆ. ಯಾವಾಗಲೂ ಇಬ್ಬರು, ಒಂಟಿಯಾಗಿ ಯಾರೂ ಒಳಗೆ ಹೋಗುವಂತಿಲ್ಲ. ಫೋಟೊ ಇಲ್ಲ. ಮನೆಯವರೇ ಕೇಳದೆ ಪ್ರಾರ್ಥನೆ ಇಲ್ಲ, ಜಪಸರ, ಚಿತ್ರಪಟ ಹಂಚುವುದಿಲ್ಲ. 2022ರ ಮತಾಂತರ ಕಾಯ್ದೆಯಲ್ಲಿ ಉಡುಗೊರೆಯೂ ಹಣವೂ ಆಮಿಷದ ಪಟ್ಟಿಯಲ್ಲಿವೆ, ಅದೊಂದು ಕಾರಣ. ಅದಕ್ಕಿಂತ ಹಳೆಯ ಕಾರಣ, ಬೇಳೆಯ ಚೀಲದ ಜೊತೆ ಬಂದ ಪ್ರಾರ್ಥನೆಗೆ ಬೇಡ ಅನ್ನುವ ಧೈರ್ಯ ಹಸಿದವರಿಗೆ ಇರುವುದಿಲ್ಲ. ಕ್ಷಯ ಇರುವ ಮನೆಯಲ್ಲಿ ಹೊರಗೆ ಜಗಲಿಯ ಮೇಲೆ ಕೂತು ಮಾತು, ಒಳಗೆ ಹೋಗುವುದಾದರೆ ಕಿಟಕಿ ಬಾಗಿಲು ತೆರೆದು, ಮಾಸ್ಕ್ ಹಾಕಿ. ಸ್ವಯಂಸೇವಕರಲ್ಲಿ ಯಾರಿಗೇ ಎರಡು ವಾರ ಕೆಮ್ಮಿದರೂ ಕಫ ಪರೀಕ್ಷೆ.

ಏಳು ದಿನ ಎಲ್ಲಿ ಹೋದವು

ನಡೆದದ್ದು ಹೀಗೆ. ಮಗಳು ಮೂರೂವರೆಗೆ ಎದ್ದು ಮಕ್ಕಳ ಡಬ್ಬಿ ಕಟ್ಟಿ, ನಾಲ್ಕೂಕಾಲಿಗೆ ಹೊರಡುವ ಮುಂಚೆ ತಾತನನ್ನು ಎಬ್ಬಿಸಿ ಟೀ ಲೋಟ, ಮೂರು ಮಾತ್ರೆ ಕೈಗಿಡುತ್ತಿದ್ದಳು. ಮೊದಲ ಒಂದೆರಡು ದಿನ ನುಂಗಿದರು. ಖಾಲಿ ಹೊಟ್ಟೆಗೆ ಬಿದ್ದ ಮಾತ್ರೆಗೆ ಹೊಟ್ಟೆ ತೊಳಸಿ, ಏಳು ಗಂಟೆಯವರೆಗೂ ವಾಕರಿಕೆ. ಈ ಔಷಧಗಳಲ್ಲಿ ರಿಫಾಂಪಿಸಿನ್ ಖಾಲಿ ಹೊಟ್ಟೆಯಲ್ಲೇ ಚೆನ್ನಾಗಿ ಹತ್ತುತ್ತದೆ ಎಂಬುದು ನಿಜ. ಆದರೆ ತಡೆಯದವರಿಗೆ ಸ್ವಲ್ಪ ತಿಂಡಿಯ ಮೇಲೆ ಕೊಡಬಹುದು, ಕೊಡಬೇಕು. ಒಳಗೆ ಹೋಗದ ಔಷಧಕ್ಕಿಂತ ಸ್ವಲ್ಪ ಕಡಿಮೆ ಹತ್ತಿದ ಔಷಧ ಎಷ್ಟೋ ಮೇಲು. ಇದನ್ನು ಆರೋಗ್ಯ ಕೇಂದ್ರದಲ್ಲಿ ಹೇಳಿದ್ದರು. ಹೇಳಿದ್ದು ತಾತನಿಗೆ. ಕೇಳಬೇಕಾದ ಮಗಳು ಆ ಹೊತ್ತಿಗೆ ವೈಟ್‌ಫೀಲ್ಡ್‌ನಲ್ಲಿದ್ದಳು.

ಆಮೇಲೆ ತಾತ ಒಂದು ದಾರಿ ಕಂಡುಕೊಂಡರು. ಮಗಳ ಕೈಯಿಂದ ಮಾತ್ರೆ ಇಸಕೊಂಡು ಚಾಪೆಯ ಮಡಿಕೆಯಲ್ಲಿ ಇಡುವುದು. ಹನ್ನೊಂದಕ್ಕೆ ‘ಸಿಸ್ಟರ್’ ಬರುವ ಮುನ್ನ ನೆರೆಮನೆಯವರು ಕೊಟ್ಟದ್ದು ಏನಾದರೂ ತಿಂದಿರುತ್ತಾರೆ, ಆಗ ನುಂಗುವುದು. ಅವರು ಬಾರದ ದಿನ ಯಾರೂ ಕೇಳುವುದಿಲ್ಲ, ಮಾತ್ರೆ ಡಬ್ಬಿಗೆ ವಾಪಸು. ಅಂದರೆ ಮಾತ್ರೆ ನುಂಗುತ್ತಿದ್ದದ್ದು ಭೇಟಿಯ ದಾಕ್ಷಿಣ್ಯಕ್ಕೆ.

“ಮಾತ್ರೆ ಆಯ್ತಾ ತಾತ?” ಎಂದು ಕೇಳಿದರೆ “ಆಯ್ತಮ್ಮ” ಎಂಬ ಉತ್ತರಕ್ಕೆ ಟಿಕ್ ಬೀಳುತ್ತಿತ್ತು. ಇದು ತಪ್ಪು ಪ್ರಶ್ನೆ. ಒಳ್ಳೆಯ ಮನಸ್ಸಿನಿಂದ ಬಿಸಿಲಲ್ಲಿ ನಡೆದು ಬಂದ ಹುಡುಗಿಗೆ ‘ಇಲ್ಲ’ ಎನ್ನುವುದು ಯಾವ ಹಿರಿಯರಿಗೂ ಕಷ್ಟ. “ಡಬ್ಬಿ ಕೊಡಿ ತಾತ, ಎಣಿಸೋಣ” ಎಂದು ಕೇಳಬೇಕಿತ್ತು. ಎಣಿಕೆಗೆ ಮುಖ ನೋಡುವ ಅಗತ್ಯವಿಲ್ಲ. 19 ದಿನ ಯಾರೂ ಎಣಿಸಲಿಲ್ಲ. 19ನೇ ದಿನ ಎಣಿಸಿದ್ದು ಕೂಡ ಅನುಮಾನದಿಂದಲ್ಲ, ಮುಂದಿನ ತಿಂಗಳಿಗೆ ಯಾವಾಗ ತರಬೇಕು ಎಂದು ನೋಡಲು. ರಿಫಾಂಪಿಸಿನ್ ನುಂಗಿದವರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದನ್ನು ಕೇಳಿ ತಿಳಿಯುವ ರೂಢಿಯೂ ಇದೆ. ಆದರೆ ಸಾಮೂಹಿಕ ಶೌಚಾಲಯದ ಲೈನ್‌ನಲ್ಲಿ ಅದನ್ನು ಕೇಳುವುದಕ್ಕೂ ಹೇಳುವುದಕ್ಕೂ ನಾಚಿಕೆ. ಎಣಿಕೆಯೇ ವಾಸಿ.

ಏಳನೆಯ ದಿನದ ಲೆಕ್ಕ ಕೊನೆಗೂ ಸಿಗಲಿಲ್ಲ. ಆಷಾಢದ ಗಾಳಿ ಎದ್ದು ಸೈನೈಡ್ ದಿಬ್ಬದ ಬಿಳಿ ಧೂಳು ಲೈನ್ ಮೇಲೆ ಸುರಿದ ದಿನವೊಂದಿತ್ತು, ಅಂದು ಉಸಿರಾಟವೇ ಕಷ್ಟವಾಗಿ ಮಲಗಿದ್ದರು ಎಂದು ಮೊಮ್ಮಗ ಹೇಳಿದ. ಅದೇ ಇರಬಹುದು. ಚಿನ್ನ ತೆಗೆದ ಅದಿರಿನ ಪುಡಿಯನ್ನು ಸುರಿದ ಇಂಥ ದಿಬ್ಬಗಳು ಊರಿನಲ್ಲಿ ಹದಿಮೂರಿವೆ. ಬೇಸಿಗೆಯ ಕೊನೆಯಿಂದ ಶ್ರಾವಣದವರೆಗೆ ಗಾಳಿ ಬೀಸಿದ ಕಡೆಯ ಮನೆಗಳಲ್ಲಿ ಅನ್ನದ ಪಾತ್ರೆಗೂ ಧೂಳು. ಇದಕ್ಕೆ ಸ್ವಯಂಸೇವಕರ ಕೈಯಲ್ಲಿ ಮದ್ದಿಲ್ಲ. ಬಾಗಿಲಿಗೆ ಒದ್ದೆ ಗೋಣಿ, ಗಾಳಿ ಬೀಸುವ ಕಡೆ ಟಾರ್ಪಾಲು, ಅಷ್ಟೇ.

ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಲಾಯಿತು. ಒಂದು ತಿಂಗಳು ಸತತ ಬಿಟ್ಟರೆ ಚಿಕಿತ್ಸೆ ಬಿಟ್ಟವರ ಪಟ್ಟಿಗೆ ಸೇರುತ್ತಾರೆ, ಇದು ಅಷ್ಟು ದೂರ ಹೋಗಿರಲಿಲ್ಲ. ಮೊದಲ ಹಂತದ 56 ಡೋಸ್ ಪೂರ್ತಿ ಆಗಲೇಬೇಕಾದ್ದರಿಂದ ತಪ್ಪಿದ ಏಳು ದಿನವನ್ನು ಕೊನೆಗೆ ಸೇರಿಸಿದರು. ತಂಡದಲ್ಲಿ ಕೆಲವರಿಗೆ ಇದನ್ನು ಹೇಳಲು ಮನಸ್ಸಿರಲಿಲ್ಲ, ತಾತನಿಗೆ ಬೈಗುಳ ಬೀಳುತ್ತದೆ ಎಂದು. ಮುಚ್ಚಿಟ್ಟಿದ್ದರೆ ಔಷಧಕ್ಕೆ ಬಗ್ಗದ ಕ್ಷಯಕ್ಕೆ ದಾರಿ. ಒಂದು ಕೋಣೆಯಲ್ಲಿ ಇಬ್ಬರು ಮಕ್ಕಳು ಮಲಗುವ ಮನೆ ಅದು.

ಮೊದಲ ಪರಿಹಾರ, ಅದು ಕೆಟ್ಟದ್ದು

ತಂಡದ ಮೊದಲ ಯೋಚನೆ, ನಾವು ಹೆಚ್ಚು ಹೋಗಬೇಕು ಎಂಬುದು. ಸಂತ ವಿನ್ಸೆಂಟ್ ದೆ ಪೌಲ್ 1633ರಲ್ಲಿ ಸೇವಾಕನ್ಯೆಯರ ಸಂಘ ಕಟ್ಟಿದಾಗ, ಬಡವರು ಕರೆದರೆ ಪ್ರಾರ್ಥನೆ ಬಿಟ್ಟು ಹೋಗಿ, ಅದು ದೇವರಿಗಾಗಿ ದೇವರನ್ನು ಬಿಡುವುದು ಎಂಬರ್ಥದಲ್ಲಿ ಹೇಳುತ್ತಿದ್ದರು. ಆ ಮಾತಿನ ಬಲದ ಮೇಲೆ ದಿನಚರಿ ಒಡೆಯಿತು. ಇಬ್ಬರು ನಾಲ್ಕು ಗಂಟೆಗೆ ಲೈನ್‌ಗೆ, ಮೂವರು ರಾತ್ರಿ ಎಂಟರಿಂದ ಹತ್ತರವರೆಗೆ, ಇಬ್ಬರು ಹಗಲು. ಗುರುವಾರ, ಭಾನುವಾರವೂ ಬಿಡುವಿಲ್ಲ. ಪಾಳಿ ವಾರಕ್ಕೊಮ್ಮೆ ಬದಲು.

ಮೂರು ವಾರ ನಡೆಯಿತು. ರಾತ್ರಿ ಪಾಳಿಯವರು ಹತ್ತೂಕಾಲಿಗೆ ಬಂದು ಪಾತ್ರೆ ಸದ್ದು ಮಾಡಿದರೆ ಮೂರೂವರೆಗೆ ಏಳಬೇಕಾದವರಿಗೆ ನಿದ್ದೆ ಇಲ್ಲ. ವಾರಕ್ಕೊಮ್ಮೆ ಪಾಳಿ ತಿರುಗಿಸಿದರೆ ಯಾರ ದೇಹವೂ ಯಾವ ಹೊತ್ತಿಗೂ ಒಗ್ಗುವುದಿಲ್ಲ. ಗಣಿಯ ಪಾಳಿ ಕಂಡ ಲೈನಿನ ಮುದುಕರನ್ನು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದರು. ಮೂರು ಸಲ ಅಡುಗೆ ಆಗತೊಡಗಿ 24 ದಿನದ ಸಿಲಿಂಡರ್ 17 ದಿನಕ್ಕೆ ಖಾಲಿ. ಏಳೂ ಜನ ಒಟ್ಟಿಗೆ ಕೂತು ಉಂಡದ್ದು ಮೂರು ವಾರದಲ್ಲಿ ಒಂದು ಸಲ. ಬಟ್ಟಲು ತೊಳೆಯದೆ ಇಟ್ಟವರಾರು ಎಂಬ ಜಗಳ ಶುರುವಾಗಿ, ದುಡ್ಡಿನ ಪುಸ್ತಕದವರೆಗೂ ಹೋಯಿತು. ಒಬ್ಬರು ಊರಿಗೆ ಹೋದವರು ವಾಪಸು ಬರಲಿಲ್ಲ. ಇಂಥ ಮನೆಗಳು ಮುರಿಯುವುದು ನಂಬಿಕೆ ಸೋತದ್ದಕ್ಕಲ್ಲ, ಹೆಚ್ಚಾಗಿ ನಿದ್ದೆಗೆಟ್ಟು.

ತಾತನ ಮಾತ್ರೆ ಏನಾಯಿತು? ಆ ಮೂರು ವಾರ ಒಂದು ದಿನವೂ ತಪ್ಪಲಿಲ್ಲ. ಅದೇ ಅಪಾಯ. ಏಳು ಜನರ ಮನೆ ಒಡೆದು ಒಬ್ಬರ ಮಾತ್ರೆ ನಡೆಯುತ್ತಿತ್ತು. ಆ ಲೈನ್‌ಗಳಲ್ಲಿ ಚಿಕಿತ್ಸೆಯಲ್ಲಿರುವವರು ಇನ್ನೂ ಇದ್ದರು.

ಇಡ್ಲಿ ಪಾಟಿ

ತಾತನ ಮನೆಯಿಂದ ಮೂರನೇ ಬಾಗಿಲಲ್ಲಿ ಒಬ್ಬ ಅಜ್ಜಿ ಬೆಳಗ್ಗೆ ಇಡ್ಲಿ ಮಾರುತ್ತಾರೆ. ಲೈನಿಗೆಲ್ಲ ‘ಪಾಟಿ’. ನೆರೆಮನೆಯವರು ಕೊಟ್ಟದ್ದು ತಿನ್ನುತ್ತೇನೆ ಎಂದು ತಾತ ಹೇಳಿದ್ದರಲ್ಲ, ಆ ನೆರೆಮನೆ ಇದೇ. ಭೇಟಿ ಪುಸ್ತಕದಲ್ಲಿ ಹದಿಮೂರು ಪುಟ ಬರೆದಿದ್ದರೂ ಪಾಟಿಯ ಹೆಸರು ಒಂದು ಕಡೆಯೂ ಇಲ್ಲ.

ಕೊನೆಗೆ ನಿಂತ ಏರ್ಪಾಡು: ಬೆಳಗ್ಗೆ ಎಂಟಕ್ಕೆ ತಾತ ಕೋಲು ಊರಿಕೊಂಡು ಪಾಟಿಯ ಜಗಲಿಗೆ ಹೋಗುತ್ತಾರೆ. ಎರಡು ಇಡ್ಲಿ, ಒಂದು ಬೇಯಿಸಿದ ಮೊಟ್ಟೆ. ತಿಂದ ಅರ್ಧ ಗಂಟೆಗೆ ಮಾತ್ರೆ. ಡಬ್ಬಿ ಪಾಟಿಯ ಮನೆಯಲ್ಲೇ, ಮಕ್ಕಳ ಕೈಗೆ ಸಿಗದಂತೆ ಮೇಲಿನ ಗೂಡಿನಲ್ಲಿ. ಎರಡು ಇಡ್ಲಿಗೂ ಸೇರಿ ಹತ್ತು, ಮೊಟ್ಟೆಗೆ ಎಂಟು, ದಿನಕ್ಕೆ 18 ರೂಪಾಯಿ, ವಾರದ 126 ರೂಪಾಯಿ ಶನಿವಾರ ಸೇವಾ ಮನೆಯ ಗಂಟಿನಿಂದ. ದುಡ್ಡು ಇಡ್ಲಿಗೆ ಮಾತ್ರ. ಮಾತ್ರೆ ಕೊಟ್ಟಿದ್ದಕ್ಕೂ ಕೊಡೋಣ ಎಂದದ್ದಕ್ಕೆ ಪಾಟಿ ಸಿಟ್ಟಾದರು. ಚಿಕಿತ್ಸೆ ಮುಗಿಸಲು ನೆರವಾದವರಿಗೆ ಸರ್ಕಾರ ಕೊಡುವ ಗೌರವಧನಕ್ಕೆ ಅವರ ಹೆಸರೇ ಹೋಗಲಿ ಎಂದು ಆಶಾ ಕಾರ್ಯಕರ್ತೆ ಬರೆಸಿಕೊಂಡರು. ಸ್ವಯಂಸೇವಕರು ವಾರಕ್ಕೊಮ್ಮೆ, ಪ್ರತಿ ವಾರ ಬೇರೆ ಬೇರೆ ದಿನ, ಬಂದು ಎಣಿಸಿ ಹೋಗುತ್ತಾರೆ. ಕಣ್ಣು ಹಳದಿಯಾಗಿದೆಯೇ, ಪಾದ ಜುಮುಗುಡುತ್ತಿದೆಯೇ, ಬಣ್ಣ ಗುರುತಿಸಲು ತೊಂದರೆಯೇ ಎಂದು ನೋಡುತ್ತಾರೆ. ಮೊದಲನೆಯದು ಯಕೃತ್ತಿಗೆ, ಎರಡನೆಯದು ನರಕ್ಕೆ, ಮೂರನೆಯದು ಕಣ್ಣಿಗೆ ಔಷಧದಿಂದ ಆಗಬಹುದಾದ ತೊಂದರೆಯ ಸೂಚನೆ. ಯಾವುದೇ ಕಂಡರೂ ಅದೇ ದಿನ ವೈದ್ಯರ ಬಳಿಗೆ.

ಬಂದು ಹೋಗುವವರ ಮೇಲೆ ದಿನನಿತ್ಯದ ಔಷಧ ನೇತುಹಾಕಬಾರದು, ಅಲ್ಲೇ ಇರುವವರ ಮೇಲೆ ನಿಲ್ಲಿಸಬೇಕು ಎಂಬುದು ತಂಡಕ್ಕೆ ಏಳು ವಾರದ ಮೇಲೆ ತಲೆಗೆ ಹೋಯಿತು. ಒಪ್ಪಿಕೊಳ್ಳಲು ಸುಲಭವಿರಲಿಲ್ಲ. ದಿನಾ ಹೋಗುವುದರಲ್ಲಿ ಹೋಗುವವರಿಗೆ ಸಿಗುವ ಸಮಾಧಾನ ದೊಡ್ಡದು.

ಬುಟ್ಟಿ

ಕ್ಷಯಕ್ಕೆ ಊಟವೂ ಔಷಧ ಎಂಬುದು ಈಗ ಬರೀ ಅಜ್ಜಿಯ ಮಾತಲ್ಲ. ಮಂಗಳೂರಿನ ವೈದ್ಯರು ಮುಂದೆ ನಿಂತು ಜಾರ್ಖಂಡ್‌ನಲ್ಲಿ ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಯ ಮನೆಯವರಿಗೂ ಆಹಾರ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಹತ್ತುವುದು ಸುಮಾರು 39 ಪ್ರತಿಶತ ತಗ್ಗಿತು.

ಸೇವಾ ಮನೆ ಹಿಂದಿನಿಂದ ಕೊಡುತ್ತಿದ್ದದ್ದು 10 ಕಿಲೊ ಅಕ್ಕಿಯ ಚೀಲ. ಪಡಿತರ ಅಕ್ಕಿ ಬರುವ ಮನೆಗೆ ಇನ್ನಷ್ಟು ಅಕ್ಕಿ! ಅದರಲ್ಲಿ ಅರ್ಧ ಅಂಗಡಿಗೆ ಹೋಗಿ ಅಡುಗೆ ಎಣ್ಣೆಯಾಗಿ ಬರುತ್ತಿತ್ತು. ‘ಕೊಟ್ಟದ್ದನ್ನು ಮಾರುತ್ತಾರೆ’ ಎಂದು ಬೇಸರಪಟ್ಟುಕೊಳ್ಳುವ ಬದಲು ಮೊದಲೇ ಎಣ್ಣೆ ಕೊಡಬಹುದಿತ್ತು. ಹೊಸ ಬುಟ್ಟಿ: ತೊಗರಿಬೇಳೆ ಒಂದೂವರೆ ಕಿಲೊ, ರಾಗಿ ಹಿಟ್ಟು 3 ಕಿಲೊ, ಕಡಲೆಕಾಯಿ ಬೀಜ 1 ಕಿಲೊ, ಎಣ್ಣೆ ಅರ್ಧ ಲೀಟರ್, ಮಕ್ಕಳಿಗೆ 30 ಮೊಟ್ಟೆ. ತಿಂಗಳಿಗೆ 750 ರೂಪಾಯಿ ಆಸುಪಾಸು. ಮೊಟ್ಟೆಯನ್ನು ಹದಿನೈದರಂತೆ ಎರಡು ಸಲ ಕೊಡಬೇಕು, ಒಮ್ಮೆಗೇ ಕೊಟ್ಟರೆ ವಾರದಲ್ಲಿ ಖಾಲಿ. ತಾತನ ಮೊಟ್ಟೆ ಪಾಟಿಯ ಜಗಲಿಯಲ್ಲಿ ಬೇರೆಯೇ ಆದ್ದರಿಂದ ಮೊಮ್ಮಗಳ ತಟ್ಟೆಗೆ ದಾಟಿಸುವ ಅಭ್ಯಾಸವೂ ನಿಂತಿತು. ಕಡಲೆಕಾಯಿ ಬೀಜ ಮೊದಲ ತಿಂಗಳು ಹಾಗೆಯೇ ಉಳಿಯಿತು, ತಾತನಿಗೆ ದವಡೆ ಹಲ್ಲಿಲ್ಲ. ಹುರಿದು ಬೆಲ್ಲದ ಜೊತೆ ಕುಟ್ಟಿ ಪುಡಿ ಮಾಡಿಕೊಟ್ಟ ಮೇಲೆ ಖರ್ಚಾಯಿತು. ಕ್ಷಯಮುಕ್ತ ಭಾರತ ಅಭಿಯಾನದಲ್ಲಿ ರೋಗಿಗಳಿಗೆ ನೆರವು ಕೊಡುವ ‘ನಿಕ್ಷಯ್ ಮಿತ್ರ’ರಾಗಿ ನೋಂದಾಯಿಸಿಕೊಂಡು, ಬುಟ್ಟಿಯನ್ನು ಆರೋಗ್ಯ ಕೇಂದ್ರದ ಪಟ್ಟಿಯ ಮೂಲಕವೇ ಕೊಡುವುದು. ಆಗ ‘ಚರ್ಚ್‌ನವರು ಯಾರಿಗೆ ಕೊಡ್ತಾರೆ, ಯಾರಿಗೆ ಕೊಡಲ್ಲ’ ಎಂಬ ಮಾತಿಗೆ ಜಾಗವಿಲ್ಲ.

ಕಾಗದ, ಮತ್ತು ಕನ್ನಡ

ಕನ್ನಡದ ಸ್ವಯಂಸೇವಕರು ನಿಜಕ್ಕೂ ಬೇಕಾದದ್ದು ಇಲ್ಲಿ. ಲೈನ್‌ಗಳ ಹಳಬರ ಮನೆಮಾತು ಹೆಚ್ಚಾಗಿ ತಮಿಳು. ಕನ್ನಡ ಆಡುತ್ತಾರೆ, ಓದಲು ಬಾರದು. ಅರ್ಜಿ, ನೋಟಿಸು, ನಾಡಕಚೇರಿಯ ಚೀಟಿ ಎಲ್ಲವೂ ಕನ್ನಡ. ಓದಬಲ್ಲ ಮೊಮ್ಮಗ ಶಾಲೆಯಲ್ಲಿ, ಸಹಿ ಹಾಕಬಲ್ಲ ಮಗಳು ರೈಲಿನಲ್ಲಿ. ಕಚೇರಿಗೆ ಹೋಗಬೇಕಾದರೆ ಅವಳಿಗೆ ಒಂದು ದಿನದ ಕೂಲಿ ಖೋತಾ.

ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಕ್ಷಯ ರೋಗಿಗೆ 2018ರಿಂದ ತಿಂಗಳಿಗೆ 500, 2024ರ ನವೆಂಬರ್‌ನಿಂದ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ತಾತನಿಗೆ ಬಂದಿರಲಿಲ್ಲ. ಕಾರಣ ಎರಡು. ಖಾತೆ ಗಣಿಯ ಸಂಬಳದ ಕಾಲದ್ದು, ವರ್ಷಗಟ್ಟಲೆ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿತ್ತು. ಎರಡನೆಯದು ಹೆಸರು. ತಮಿಳು ರೂಢಿಯಂತೆ ಪಾಸ್‌ಬುಕ್‌ನಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮುಂದೆ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು ಹಿಂದೆ. ಯಂತ್ರಕ್ಕೆ ಇಬ್ಬರೂ ಬೇರೆ ಬೇರೆ ಮನುಷ್ಯರು.

ಹಳೆ ಖಾತೆ ಎಬ್ಬಿಸುವುದಕ್ಕಿಂತ ಹೊಸದು ತೆರೆಯುವುದೇ ಬೇಗ. ಅಂಚೆ ಪೇಮೆಂಟ್ಸ್ ಬ್ಯಾಂಕಿನವರು ಮನೆಗೇ ಬಂದು ಆಧಾರ್ ಬೆರಳಚ್ಚಿನಿಂದ ಖಾತೆ ತೆರೆಯುತ್ತಾರೆ. ಬಂದರು, ಬೆರಳು ಹತ್ತಲಿಲ್ಲ. ವರ್ಷಾನುಗಟ್ಟಲೆ ಬಂಡೆ ಹಿಡಿದ ಬೆರಳಿನಲ್ಲಿ ಗೆರೆಯೇ ಉಳಿದಿಲ್ಲ. ಹತ್ತೂ ಬೆರಳು ಒದ್ದೆ ಬಟ್ಟೆಯಿಂದ ಒರೆಸಿ ಒಂದೊಂದಾಗಿ ಇಟ್ಟು ನೋಡಿದಾಗ ಎಡಗೈಯ ಉಂಗುರ ಬೆರಳು ಓದಿತು. ಹತ್ತೂ ಸೋತಿದ್ದರೆ ಆಧಾರ್ ಕೇಂದ್ರಕ್ಕೆ ಕರೆದೊಯ್ದು ಕಣ್ಣಿನ ಗುರುತು ಮತ್ತು ಬೆರಳನ್ನು ಹೊಸದಾಗಿ ದಾಖಲಿಸಬೇಕಾಗುತ್ತಿತ್ತು. ಆಮೇಲೆ ಖಾತೆಯ ಸಂಖ್ಯೆಯನ್ನು ಕ್ಷಯ ವಿಭಾಗದ ಮೇಲ್ವಿಚಾರಕರಿಗೆ ಕೊಟ್ಟು, ಕ್ಷಯ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆಯಾದ ನಿಕ್ಷಯ್‌ನಲ್ಲಿ ಹಳೆಯದನ್ನು ತೆಗೆಸಿ, ಹೊಸದು ದೃಢೀಕರಣ ಆಗುವವರೆಗೆ ವಾರಕ್ಕೊಮ್ಮೆ ಕೇಳುವುದು. ಮೂರನೇ ವಾರ ಆಯಿತು. ಮಕ್ಕಳಿಗೂ ಮಗಳಿಗೂ ಎಕ್ಸ್‌ರೇ, ರೋಗವಿಲ್ಲವೆಂದು ಖಚಿತವಾದ ಮೇಲೆ ಕ್ಷಯ ತಡೆ ಚಿಕಿತ್ಸೆ. ಮಗಳ ಎಕ್ಸ್‌ರೇಗೆ ಅವಳ ವಾರದ ರಜೆಯ ದಿನವನ್ನೇ ಹಿಡಿಯಬೇಕಾಯಿತು.

ಈಗಿನ ದಿನಚರಿ

ಗುರುವಾರದ ಆರಾಧನೆ, ವಿಶ್ರಾಂತಿ ವಾಪಸು ಬಂದವು. ನಾಲ್ಕು ಗಂಟೆಯ ಪಾಳಿ ರದ್ದು. ವಾರಕ್ಕೆ ಎರಡು ರಾತ್ರಿ, ಮಂಗಳವಾರ ಮತ್ತು ಶುಕ್ರವಾರ, ಮೂವರು ರೈಲು ಬರುವ ಹೊತ್ತಿಗೆ ಲೈನ್‌ಗೆ ಹೋಗುತ್ತಾರೆ. ದುಡಿಯುವವರ ಜೊತೆ ಮಾತು ಆಗಬೇಕಾದದ್ದು ಆಗಲೇ. ಒಂದು ಮನೆಗೆ ಹತ್ತು ನಿಮಿಷ ಮೀರುವಂತಿಲ್ಲ, ಅವರು ಇನ್ನೂ ಅಡುಗೆ ಮಾಡಬೇಕು. ಆ ಮೂವರು ಮರುದಿನ ಬೆಳಗಿನ ಪ್ರಾರ್ಥನೆಗೆ ಬರಬೇಕಿಲ್ಲ, ಬಲಿಪೂಜೆಗೆ ಬಂದರೆ ಸಾಕು. ಅವರ ಹಾಸಿಗೆ ಬಾಗಿಲ ಹತ್ತಿರ. ರಾತ್ರಿ ಊಟ ಆ ಎರಡು ದಿನ ಏಳು ಗಂಟೆಗೇ, ಎಲ್ಲರೂ ಒಟ್ಟಿಗೆ. ಸಿಲಿಂಡರ್ 23 ದಿನಕ್ಕೆ ಬಂದು ನಿಂತಿದೆ. ವಾರದ ಮೂರು ಬೆಳಗು ಕಚೇರಿಗಳಿಗೆ ಮೀಸಲು, ಯಾರ ಯಾವ ಕಾಗದ ಎಲ್ಲಿ ನಿಂತಿದೆ ಎಂಬ ಪುಸ್ತಕ ಭೇಟಿ ಪುಸ್ತಕಕ್ಕಿಂತ ದಪ್ಪವಾಗಿದೆ. ಭೇಟಿ ಪುಸ್ತಕದಲ್ಲಿ ಟಿಕ್ ಹಾಕುವ ಕಾಲಂ ತೆಗೆದು ‘ಉಳಿದ ಮಾತ್ರೆ’ ಎಂಬ ಕಾಲಂ, ಅದರ ಪಕ್ಕದಲ್ಲಿ ‘ನೆರೆಯವರು ಯಾರು’ ಎಂಬ ಕಾಲಂ.

ಏಳು ದಿನ ಸೇರಿಸಿ ಮೊದಲ ಹಂತ ಆಗಸ್ಟ್ ಮೊದಲ ವಾರದಲ್ಲಿ ಮುಗಿಯಿತು. ಕಫದಲ್ಲಿ ರೋಗಾಣು ಕಾಣಲಿಲ್ಲ, ತೂಕ 43.5 ಕಿಲೊ. ಎರಡನೇ ಹಂತದಲ್ಲೂ ದಿನಕ್ಕೆ ಮೂರೇ, ಮೂರು ಔಷಧದ ಮಾತ್ರೆ. ಸಿಲಿಕೋಸಿಸ್ ಇರುವುದರಿಂದ ನಾಲ್ಕು ತಿಂಗಳಿಗೆ ನಿಲ್ಲಿಸದೆ ಇನ್ನೂ 12 ವಾರವೋ ಹೆಚ್ಚೋ ಎಳೆಯಬಹುದೆಂದು ವೈದ್ಯರು ಹೇಳಿದ್ದಾರೆ. ಏದುಸಿರು ಹಾಗೆಯೇ ಇದೆ, ಅದು ಹೋಗುವುದಲ್ಲ.

ಸೆಪ್ಟೆಂಬರ್ 1ಕ್ಕೆ ಹೊಸ 84 ಮಾತ್ರೆ ಬಂದವು. 8ರ ಹಬ್ಬಕ್ಕೆಂದು ಪಾಟಿ ವೇಳಾಂಕಣಿಗೆ ಹೋದರು, ಐದು ದಿನ. ಸ್ವಯಂಸೇವಕರಿಗೆ ಹೇಳಿರಲಿಲ್ಲ. 10ರ ಸಂಜೆ ಎಣಿಸಲು ಹೋದಾಗ ಪಾಟಿಯ ಬಾಗಿಲಿಗೆ ಬೀಗ, ಡಬ್ಬಿ ಎದುರು ಸಾಲಿನ ಹೂ ಕಟ್ಟುವ ಅಕ್ಕನ ಮನೆಯಲ್ಲಿತ್ತು. ತಾತ ಆ ಐದು ದಿನ ಅಲ್ಲಿ ಉಪ್ಪಿಟ್ಟು ತಿಂದು ಮಾತ್ರೆ ನುಂಗಿದ್ದರು. ಎಣಿಸಿದರು. ಹತ್ತು ದಿನಕ್ಕೆ ಮೂವತ್ತು ಕಳೆದು 54 ಇರಬೇಕಿತ್ತು, 54 ಇದ್ದವು.